ಭರತ–ಇಳಿತ ಕೇಳಿ ಹೊರಡಿ



ಕಡಲಿಗೆ ಹೋಗಬೇಡಿ, ಕಾಡಿಗೆ ಹೋಗಬೇಡಿ ಎಂದು ಹೇಳುವುದಕ್ಕೆ ನಾನು ಕೂತಿಲ್ಲ. ಆ ಮಾತನ್ನು ಮನೆಯಲ್ಲಿ ಬೇಕಾದಷ್ಟು ಕೇಳಿದ್ದೀರಿ. ಅದರಿಂದ ಆದ ನಷ್ಟವನ್ನೂ ನಾನು ಕಂಡಿದ್ದೇನೆ. ಮುರ್ಡೇಶ್ವರದಲ್ಲಿ ಹುಟ್ಟಿ ಬೆಳೆದವರು ನೇತ್ರಾಣಿಯನ್ನು ದಡದಿಂದಲೇ ನೋಡಿ ಸುಮ್ಮನಾಗಿದ್ದಾರೆ. ಕುಮಟೆಯಲ್ಲೇ ಇದ್ದು ಅಘನಾಶಿನಿ ಅಳಿವೆಯ ಕೆಸರಿಗೆ ಒಮ್ಮೆಯೂ ಕಾಲಿಡದವರಿದ್ದಾರೆ. ಶರಾವತಿ ಎಂದರೆ ಹೊನ್ನಾವರ ಸೇತುವೆಯ ಮೇಲೆ ಬಸ್ಸಿನ ಕಿಟಕಿಯಿಂದ ಕಂಡ ನೀರು, ಅಷ್ಟೇ ಎಂದುಕೊಂಡವರೂ ಇದ್ದಾರೆ. ಓದು ಮುಗಿಸಿ ಬೆಂಗಳೂರು ಸೇರಿದ ಮೇಲೆ ಇದೇ ಮಕ್ಕಳು ಆಫೀಸಿನ ಗೆಳೆಯರ ಜೊತೆ ಶುಕ್ರವಾರ ರಾತ್ರಿಯ ಬಸ್ಸು ಹತ್ತಿ ಬರುತ್ತಾರೆ, ತಮ್ಮದೇ ಊರಿನ ಕಡಲನ್ನು ಬೇರೆ ಊರಿನವನೊಬ್ಬ ತೋರಿಸುವಾಗ ಬೆರಗಿನಿಂದ ನೋಡುತ್ತಾರೆ. ಮಾಸ್ತರಿಕೆ ಮಾಡಿದವನಾಗಿ ನನಗೆ ಇದು ನೋವಿನ ಸಂಗತಿ. ಆದ್ದರಿಂದ ಮೊದಲೇ ಹೇಳುತ್ತೇನೆ: ಹೋಗಿ. ದೋಣಿ ಹತ್ತಿ, ಈಜು ಕಲಿಯಿರಿ, ನೀರಿನಡಿಗೆ ಇಳಿಯಿರಿ, ಗುಡ್ಡ ಹತ್ತಿ. ಹೇಗೆ ಹೋಗಬೇಕು ಎಂಬುದಷ್ಟೇ ನನ್ನ ಕಿವಿಮಾತು.

ನಮ್ಮ ಕಡೆ ಹಳೆಯ ಗಾದೆಯೊಂದಿದೆ: ಸೊಕ್ಕಿದ್ದವ ಯಾಣಕ್ಕೆ ಹೋದ, ರೊಕ್ಕಿದ್ದವ ಗೋಕರ್ಣಕ್ಕೆ ಹೋದ. ಆ ಕಾಲಕ್ಕೆ ಯಾಣಕ್ಕೆ ಹೋಗಬೇಕೆಂದರೆ ದಟ್ಟ ಕಾಡಿನಲ್ಲಿ ದಿನವಿಡೀ ನಡೆಯಬೇಕಿತ್ತು, ಮೈಯಲ್ಲಿ ಕಸುವಿಲ್ಲದವ ಆ ಮಾತೇ ಎತ್ತುತ್ತಿರಲಿಲ್ಲ. 1996ರಲ್ಲಿ ‘ನಮ್ಮೂರ ಮಂದಾರ ಹೂವೇ’ ಸಿನಿಮಾ ಬಂದ ಮೇಲೆ ಯಾಣದ ಹೆಸರು ನಾಡಿಗೆಲ್ಲ ಗೊತ್ತಾಯಿತು. ಈಗ ಶಿಖರದ ಹತ್ತಿರದವರೆಗೆ ಕಾರು ಹೋಗುತ್ತದೆ. ದಾರಿಯ ಕಷ್ಟ ಇಲ್ಲವಾದಾಗ ದಾರಿ ಕಲಿಸುತ್ತಿದ್ದ ಪಾಠವೂ ಇಲ್ಲವಾಯಿತು. ನಡೆದು ಹೋಗುವವನು ಹಳ್ಳಿಯಲ್ಲಿ ನಿಂತು ನೀರು ಕೇಳುತ್ತಿದ್ದ, ದಾರಿ ಕೇಳುತ್ತಿದ್ದ, ಮಳೆ ಬಂದೀತೇ ಎಂದು ವಿಚಾರಿಸುತ್ತಿದ್ದ. ಊರವರು ‘ಇವತ್ತು ಬೇಡ’ ಎಂದರೆ ಜಗಲಿಯ ಮೇಲೆ ಮಲಗಿ ಮರುದಿನ ಹೊರಡುತ್ತಿದ್ದ. ಇವತ್ತು ಮೊಬೈಲಿನ ನಕಾಶೆ ಯಾರನ್ನೂ ಕೇಳದೆ ನೇರ ಒಯ್ದು ಬಿಡುತ್ತದೆ. ಆ ನಕಾಶೆಗೆ ದಾರಿ ಗೊತ್ತು. ಭರತ ಯಾವಾಗ, ಜೇನು ಎಲ್ಲಿ ಕಟ್ಟಿದೆ, ಆಮೆ ಮೊಟ್ಟೆ ಇಡುವ ತಿಂಗಳು ಯಾವುದು, ಯಾವ ದಿಬ್ಬದ ಮೇಲೆ ಯಾರ ಹೊಟ್ಟೆಪಾಡು ನಡೆದಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಹೊರಡುವ ಮೊದಲು ಎರಡು ವಿಷಯ ಕೇಳಿಕೊಳ್ಳಿ. ಈ ಜಾಗದ ಹೊತ್ತು ಯಾವುದು? ಈ ಜಾಗ ಯಾರ ಅನ್ನ? ಈ ಎರಡಕ್ಕೂ ಉತ್ತರ ಗೊತ್ತಿರುವವರು ದಡದಲ್ಲೇ ಇರುತ್ತಾರೆ.

ಅಘನಾಶಿನಿಯಿಂದಲೇ ಶುರು ಮಾಡುತ್ತೇನೆ, ನನಗೆ ಅದು ಹತ್ತಿರದ್ದು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಘಟ್ಟ ಇಳಿದು, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮಣ್ಣು, ಎಲೆ, ಸಿಹಿನೀರು ತಡೆಯಿಲ್ಲದೆ ಬಂದು ಉಪ್ಪುನೀರಿಗೆ ಸೇರುತ್ತವೆ. ಅದಕ್ಕೇ ಅಳಿವೆಯಲ್ಲಿ ಇಷ್ಟು ಮೀನು, ಸಿಗಡಿ, ಏಡಿ, ಬಳಚು. 2024ರ ಜನವರಿ ಕೊನೆಗೆ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಗಿ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಸುದ್ದಿ ಬಂದ ಮೇಲೆ ಕಯಾಕ್ ತಂದವರು, ದೋಣಿ ವಿಹಾರ ಶುರು ಮಾಡಬೇಕೆಂದವರು ನನ್ನ ಹತ್ತಿರವೂ ಬಂದು ಮಾತಾಡಿದ್ದಾರೆ. ಅವರಿಗೆಲ್ಲ ಹೇಳಿದ್ದು ಒಂದೇ: ಮೊದಲು ಇಳಿತದ ಹೊತ್ತಿಗೆ ಹೋಗಿ, ಬಳಚು ಆರಿಸುವವರನ್ನು ನೋಡಿಕೊಂಡು ಬನ್ನಿ.

ನೀವೂ ನೋಡಿ. ನೀರು ಇಳಿಯುತ್ತಿದ್ದಂತೆ ಸಣ್ಣ ದೋಣಿಗಳಲ್ಲಿ ಹೆಂಗಸರು, ಗಂಡಸರು ನದಿಯ ನಡುವಿನ ಮರಳುದಿಬ್ಬಗಳತ್ತ ಹೊರಡುತ್ತಾರೆ. ಮೊಣಕಾಲಿನಿಂದ ಸೊಂಟದವರೆಗೆ ನೀರು. ಕಣ್ಣಿಗೆ ಕೆಲಸವಿಲ್ಲ, ನೀರು ಕಲಕಿರುತ್ತದೆ. ಹಿಮ್ಮಡಿಯನ್ನು ಮರಳಿಗೆ ಒತ್ತಿ ತಿರುಗಿಸುತ್ತಾರೆ. ಗಟ್ಟಿಯಾದದ್ದೇನೋ ಕಾಲಿಗೆ ತಾಗಿದರೆ ಬಗ್ಗಿ ಕೈಹಾಕಿ ಎತ್ತುತ್ತಾರೆ. ಜೀವ ಇರುವ ಬಳಚು ಬಾಯಿ ಬಿಗಿಹಿಡಿದಿರುತ್ತದೆ, ಸತ್ತದ್ದು ಬೆರಳು ಮುಟ್ಟಿದೊಡನೆ ತೆರೆದುಕೊಂಡು ಕೆಸರು ಕಾರುತ್ತದೆ. ತಿಳಿದವರು ಸಣ್ಣದನ್ನು ಅಲ್ಲೇ ಬಿಡುತ್ತಾರೆ. ನೀರು ಮತ್ತೆ ಏರತೊಡಗುವವರೆಗೆ ಕೆಲವೇ ತಾಸು ಈ ಕೆಲಸ. ಆ ತಾಸುಗಳಲ್ಲಿ ಬುಟ್ಟಿ ತುಂಬದಿದ್ದರೆ ಆ ದಿನದ ದುಡಿಮೆ ಇಲ್ಲ. ಇಂತಹ ಹೊತ್ತಿನಲ್ಲಿ ಮೋಟಾರು ದೋಣಿಯೊಂದು ಪಕ್ಕದಲ್ಲೇ ಜೋರಾಗಿ ಹಾದುಹೋದರೆ ಅಲೆಗೆ ಅವರ ದೋಣಿ ಮಗುಚುತ್ತದೆ, ಆರಿಸಿದ್ದೆಲ್ಲ ನೀರುಪಾಲು. ದೋಣಿಯಲ್ಲಿದ್ದ ಹುಡುಗರು ಕೈಬೀಸಿ ಕೇಕೆ ಹಾಕಿ ಹೋಗುತ್ತಾರೆ. ಅವರಿಗೆ ಕೆಟ್ಟ ಮನಸ್ಸಿರಲಿಕ್ಕಿಲ್ಲ. ನೀರಿನಲ್ಲಿ ಬಗ್ಗಿ ನಿಂತವಳು ದುಡಿಯುತ್ತಿದ್ದಾಳೆ ಎಂಬುದು ಅವರಿಗೆ ಹೊಳೆದಿರುವುದಿಲ್ಲ, ಅಷ್ಟೇ.

ಅಳಿವೆಯಲ್ಲಿ ಹುಟ್ಟುಹಾಕುವ ದೋಣಿಗಿಂತ ಒಳ್ಳೆಯ ವಾಹನವಿಲ್ಲ. ಇಳಿತದಲ್ಲಿ ದಿಬ್ಬಗಳನ್ನು ದುಡಿಯುವವರಿಗೆ ಬಿಡಿ, ಭರತ ಏರುವಾಗ ಅದರ ಜೊತೆ ಮೇಲಕ್ಕೆ ಹೋಗಿ, ಇಳಿಯುವಾಗ ಅದರ ಜೊತೆಯೇ ವಾಪಸ್ಸು ಬನ್ನಿ. ತೋಳಿಗೂ ಸುಖ. ದಿನಕ್ಕೆ ಎರಡು ಭರತ, ಎರಡು ಇಳಿತ; ಮರುದಿನ ಅದೇ ಭರತ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಇಷ್ಟು ಗೊತ್ತಿದ್ದರೆ ಪಂಚಾಂಗ ನೋಡಿಯೇ ನೀವು ಅರ್ಧ ಲೆಕ್ಕ ಹಾಕಬಹುದು. ಉಳಿದರ್ಧವನ್ನು ದೋಣಿಯವರಲ್ಲಿ ಕೇಳಿ. ನೀರಿನಲ್ಲಿ ನೆಟ್ಟ ಗೂಟ ಕಂಡರೆ ಬಲೆ ಇದೆ ಎಂದು ದೂರ ಸರಿಯಿರಿ. ಗಜನಿ ಗದ್ದೆಗಳ ಕಟ್ಟೆಯ ಮೇಲೆ ಬೈಕು ಓಡಿಸಬೇಡಿ. ಆ ಮಣ್ಣಿನ ಕಟ್ಟೆ ಒಡೆದರೆ ಉಪ್ಪುನೀರು ಹೊತ್ತಲ್ಲದ ಹೊತ್ತಿನಲ್ಲಿ ಗದ್ದೆಗೆ ನುಗ್ಗುತ್ತದೆ. ಮಾಣಿಕಟ್ಟಾ ಕಡೆಯ ಗಜನಿಗಳಲ್ಲಿ ಇನ್ನೂ ಕಗ್ಗ ಬೆಳೆಯುವವರಿದ್ದಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಭತ್ತ ಅದು. ಎಷ್ಟೋ ತಲೆಮಾರು ಬಿತ್ತಿ, ಆರಿಸಿ ಉಳಿಸಿಕೊಂಡು ಬಂದದ್ದು. ಉಪ್ಪು ತಾಳುವ ಭತ್ತವೇ ಆದರೂ ಕಟ್ಟೆ ಒಡೆದರೆ ನಿಲ್ಲುವುದು ಕಷ್ಟ.

ಕುಮಟೆಯಿಂದ ಗೋಕರ್ಣಕ್ಕೆ ಕಡಲಂಚಿನಲ್ಲಿ ನಡೆದು ಹೋಗುವುದು ಈಗ ಹೆಸರಾಗಿದೆ. ಬಾಡ, ಕಾಗಾಲ ದಾಟಿ ಅಘನಾಶಿನಿ ಊರಿಗೆ ಬಂದು, ಬಾರ್ಜಿನಲ್ಲಿ ತದಡಿಗೆ ದಾಟಿ, ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ತೀರಗಳ ಮೇಲೆ ಗೋಕರ್ಣ. ನಮ್ಮ ರಾಜ್ಯದಲ್ಲಿ ಇದಕ್ಕಿಂತ ಚೆಂದದ ಕಾಲುದಾರಿ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಕೆಲವು ಕಡೆ ದಾರಿ ಬಂಡೆಗಳ ಬುಡದಲ್ಲಿದೆ. ಇಳಿತದಲ್ಲಿ ಒಣಗಿದ್ದ ಬಂಡೆಗೆ ಭರತದಲ್ಲಿ ಅಲೆ ಬಡಿಯುತ್ತದೆ. ಬಂಡೆಯ ಮೇಲಿನ ಹಸಿರು ಪಾಚಿಯ ಮೇಲೆ ಎಂಥ ಬೂಟೂ ನಿಲ್ಲದು. ಹಿಂದೆ ದಾರಿ ಮುಚ್ಚಿ, ಮುಂದೆ ಹೋಗಲಾಗದೆ, ಕತ್ತಲಾದ ಮೇಲೆ ಫೋನು ಮಾಡುವ ತಂಡಗಳ ಕಥೆ ಮತ್ತೆ ಮತ್ತೆ ಕೇಳಿಬರುತ್ತದೆ. ಹೊತ್ತು ನೋಡಿಕೊಂಡು ಹೊರಡಿ, ಕತ್ತಲಿಗೆ ಮೊದಲೇ ಊರು ಸೇರಿ. ಈ ದಾರಿಯುದ್ದಕ್ಕೂ ಕಸದ ಗಾಡಿ ಬರುವುದಿಲ್ಲ. ಒಯ್ದ ಬಾಟಲಿ, ಬಿಸ್ಕತ್ತಿನ ಕವರು, ಊಟದ ಪೊಟ್ಟಣ ಎಲ್ಲವೂ ನಿಮ್ಮ ಚೀಲದಲ್ಲೇ ವಾಪಸ್ಸು ಬರಬೇಕು. ಮರಳಿನಲ್ಲಿ ಹೂತರೆ ಮುಗಿಯಿತು ಎಂದುಕೊಳ್ಳಬೇಡಿ, ಮಳೆಗಾಲದ ಕಡಲು ಅದನ್ನು ಅಗೆದು ತೆಗೆಯುತ್ತದೆ.

ಇನ್ನು ಮುರ್ಡೇಶ್ವರ. ಇಲ್ಲಿ ನನ್ನ ದನಿ ಸ್ವಲ್ಪ ಬಿಗಿಯಾಗುತ್ತದೆ, ಸಹಿಸಿಕೊಳ್ಳಿ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಇಲ್ಲಿನ ಕಡಲಲ್ಲಿ ತೀರಿಕೊಂಡರು. ಬಯಲುಸೀಮೆಯ ಮಕ್ಕಳಿಗೆ ಕಡಲು ಗೊತ್ತಿರುವುದಿಲ್ಲ. ಆದರೆ ಕರಾವಳಿಯ ನಮಗೂ ಎಲ್ಲ ಗೊತ್ತಿದೆ ಎಂದೇನಿಲ್ಲ. ಈಜು ಬಲ್ಲವರೂ ಹೋಗಿದ್ದಾರೆ. ಕಾರಣ ತಿಳಿದುಕೊಳ್ಳಿ.

ಅಲೆಗಳು ನೀರನ್ನು ದಡಕ್ಕೆ ತಂದು ಸುರಿಯುತ್ತಲೇ ಇರುತ್ತವೆ. ಆ ನೀರು ಹಿಂದಕ್ಕೆ ಹೋಗಲೇಬೇಕು. ಮರಳುದಿಬ್ಬಗಳ ನಡುವೆ ಎಲ್ಲಿ ತಗ್ಗು ಇದೆಯೋ ಅಲ್ಲಿ ಒಟ್ಟಾಗಿ, ಕಿರಿದಾದ ಹೊಳೆಯ ಹಾಗೆ ಕಡಲಿಗೆ ಓಡುತ್ತದೆ. ಆ ಜಾಗದಲ್ಲಿ ಅಲೆ ಮುರಿಯುವುದು ಕಡಿಮೆ, ನೊರೆ ಕಡಿಮೆ, ನೀರು ಸ್ವಲ್ಪ ಕಪ್ಪಾಗಿಯೋ ಕಲಕಿಯೋ ಕಾಣುತ್ತದೆ. ಅಲೆಯಿಲ್ಲ, ಶಾಂತವಾಗಿದೆ ಎಂದು ಜನ ಅಲ್ಲೇ ಇಳಿಯುತ್ತಾರೆ. ಎಳೆದುಕೊಂಡು ಹೋದಾಗ ಗಾಬರಿಯಾಗಿ ನೇರ ದಡದ ಕಡೆ ಈಜುತ್ತಾರೆ, ಅಂದರೆ ಹೊಳೆಗೆ ಎದುರಾಗಿ. ಎಂಥ ಈಜುಗಾರನೂ ಅದರಲ್ಲಿ ದಣಿಯುತ್ತಾನೆ, ದಣಿದ ಮೇಲೆ ಮುಳುಗುತ್ತಾನೆ. ಸೆಳೆತ ನಿಮ್ಮನ್ನು ನೀರಿನಡಿಗೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಸಿಕ್ಕಿಬಿದ್ದರೆ ಅಂಗಾತ ತೇಲಿ, ಉಸಿರು ಉಳಿಸಿಕೊಳ್ಳಿ, ಕೈಯೆತ್ತಿ ಕರೆಯಿರಿ. ಸಾಧ್ಯವಾದರೆ ದಡಕ್ಕೆ ಸಮಾನಾಂತರವಾಗಿ ಒಂದಷ್ಟು ದೂರ ಈಜಿ ಸೆಳೆತದಿಂದ ಹೊರಗೆ ಬನ್ನಿ, ಅಲೆ ಮುರಿಯುವ ಕಡೆ ತಿರುಗಿ ಅಲೆಯ ಜೊತೆ ದಡ ಸೇರಿ. ಇನ್ನೊಬ್ಬರು ಸಿಕ್ಕಿಬಿದ್ದದ್ದು ಕಂಡರೆ ಬರಿಗೈಯಲ್ಲಿ ಹಾರಬೇಡಿ. ಗೆಳೆಯನನ್ನು ಉಳಿಸಲು ಹೋದ ಗೆಳೆಯನೂ ಹೋದದ್ದು ನಮ್ಮ ಕರಾವಳಿಯಲ್ಲಿ ಹೊಸದಲ್ಲ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಹಗ್ಗ, ಟ್ಯೂಬು, ಯಾವುದು ಸಿಕ್ಕರೆ ಅದನ್ನು ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ. ಕೆಂಪು ಬಾವುಟ ಕಂಡ ದಿನ ನೀರಿಗೆ ಇಳಿಯುವ ಮಾತೇ ಇಲ್ಲ. ಆ ಬಾವುಟದ ಕೆಳಗೆ ನಿಂತ ಹುಡುಗ ನಿಮ್ಮದೇ ವಯಸ್ಸಿನವನು. ಅವನು ಸೀಟಿ ಊದಿದಾಗ ಅವನ ಜೊತೆ ಜಗಳಕ್ಕೆ ಹೋಗಬೇಡಿ.

ನೇತ್ರಾಣಿಗೆ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು. ಪುನೀತ್ ರಾಜ್‌ಕುಮಾರ್ ‘ಗಂಧದ ಗುಡಿ’ಗಾಗಿ ಇಲ್ಲಿ ನೀರಿಗಿಳಿದದ್ದನ್ನು 2022ರಲ್ಲಿ ನೀವೆಲ್ಲ ತೆರೆಯ ಮೇಲೆ ನೋಡಿದ್ದೀರಿ. ಅದಾದ ಮೇಲೆ ನಮ್ಮ ಮಕ್ಕಳಲ್ಲಿ ಸ್ಕೂಬಾ ಕಲಿಯುವ ಆಸೆ ಹುಟ್ಟಿದ್ದು ನನಗೆ ಬಹಳ ಸಂತೋಷದ ವಿಷಯ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಹೋಗಿ. ದುಡ್ಡು ಉಳಿಸಲು ಹೋಗಿ ತರಬೇತುದಾರನಿಲ್ಲದ ದೋಣಿ ಹತ್ತಬೇಡಿ. ನಿಮ್ಮನ್ನು ಕರೆದೊಯ್ಯುವವನ ಪ್ರಮಾಣಪತ್ರ ಕೇಳುವುದಕ್ಕೆ ಸಂಕೋಚ ಬೇಡ. ಆಸ್ತಮಾ, ಕಿವಿ ಸೋರುವುದು, ನೆಗಡಿ ಏನಿದ್ದರೂ ಮುಚ್ಚಿಡದೆ ಹೇಳಿ. ನೀರಿನಡಿಯಲ್ಲಿ ಉಸಿರು ಕಟ್ಟಿ ಹಿಡಿಯಬಾರದು ಎಂಬ ಒಂದು ನಿಯಮ ಮರೆತರೂ ಶ್ವಾಸಕೋಶಕ್ಕೆ ಪೆಟ್ಟು. ಡೈವ್ ಮುಗಿಸಿದವರು ಅದೇ ದಿನ ವಿಮಾನ ಹತ್ತಬಾರದು. ರಾತ್ರಿಯ ಬಸ್ಸಿನಲ್ಲಿ ಘಟ್ಟ ಹತ್ತುವುದಿದ್ದರೆ ಎಷ್ಟು ಹೊತ್ತು ಬಿಟ್ಟು ಹೊರಡಬೇಕೆಂದು ತರಬೇತುದಾರನನ್ನು ಕೇಳಿಯೇ ಟಿಕೆಟ್ ಮಾಡಿಸಿ. ಬೆಂಗಳೂರು ಕಡಲಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ.

ಕೆಳಗೆ ಕಾಣುವ ಹವಳವನ್ನು ಕಲ್ಲು ಎಂದು ತಿಳಿಯಬೇಡಿ, ಅದು ಲಕ್ಷಾಂತರ ಸಣ್ಣ ಜೀವಿಗಳು ಕಟ್ಟಿದ ಮನೆ. ಉಂಡೆಯಾಕಾರದ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ತೆಂಗಿನಕಾಯಿ ಗಾತ್ರದ ಒಂದು ಹವಳ ನಿಮ್ಮಷ್ಟೇ ವಯಸ್ಸಿನದು ಇರಬಹುದು. ಫೋಟೋಕ್ಕೆಂದು ಅದನ್ನು ಹಿಡಿದು ನಿಂತರೆ, ಕಾಲಿಗೆ ಕಟ್ಟಿದ ರೆಕ್ಕೆಯಿಂದ ತಳದ ಮರಳು ಎಬ್ಬಿಸಿ ಅದರ ಮೇಲೆ ಸುರಿದರೆ, ದೋಣಿಯವನು ಅದರ ಮೇಲೆ ಲಂಗರು ಹಾಕಿದರೆ ಅಷ್ಟೂ ವರ್ಷಗಳ ಬೆಳವಣಿಗೆ ಹೋಯಿತು. ಹವಳ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಬಿಸಿಲಿಗೆಂದು ಮೈಗೆ ಕ್ರೀಮು ಬಳಿದುಕೊಂಡು ನೀರಿಗಿಳಿಯುವ ಬದಲು ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ದ್ವೀಪದ ಮೇಲೆ ಹತ್ತುವ ಆಸೆ ಬಿಡಿ. ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡು ಕಟ್ಟುವ ಜಾಗ ಅದು. ನಮ್ಮ ಮೀನುಗಾರರು ಜಟ್ಟಿಗ ದೇವರಿಗೆ ಪೂಜೆ ಸಲ್ಲಿಸಿ ಹರಕೆಯ ಆಡು ಬಿಟ್ಟುಬರುವ ಜಾಗವೂ ಅದೇ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ನೆಲ ಬೇರೆ, ಅಲ್ಲಿ ಪೊದೆಯ ಮರೆಯಲ್ಲಿ ಏನು ಬಿದ್ದಿದೆ ಎಂದು ಯಾರೂ ಹೇಳಲಾರರು.

ಹೊನ್ನಾವರದ ಕಾಸರಕೋಡಿನ ಇಕೋ ಬೀಚಿಗೆ 2020ರ ಅಕ್ಟೋಬರಿನಲ್ಲಿ ನೀಲಿ ಬಾವುಟದ ಮಾನ್ಯತೆ ಸಿಕ್ಕಿತು. ಆ ವರ್ಷ ನಮ್ಮ ದೇಶದ ಎಂಟು ಕಡಲತೀರಗಳಿಗೆ ಮಾತ್ರ ಸಿಕ್ಕ ಗೌರವ. ನೀರಿನ ಶುದ್ಧತೆ, ಸುರಕ್ಷತೆ, ಕಸದ ನಿರ್ವಹಣೆ ಎಲ್ಲ ಸೇರಿ 33 ಮಾನದಂಡ. ಅಲ್ಲಿ ಕಸ ಹಾಕಬಾರದು ಎಂದು ನಿಮಗೆ ಹೇಳಬೇಕಾಗಿಲ್ಲ, ಫಲಕ ಇದೆ, ಕಾವಲಿದೆ. ನನ್ನ ಕಳವಳ ಅಲ್ಲೇ ಹತ್ತಿರದ, ಫಲಕವಿಲ್ಲದ ಟೊಂಕದ ಮರಳಿನ ಬಗ್ಗೆ, ರಾತ್ರಿಯ ಬಗ್ಗೆ. ಚಳಿಗಾಲದಿಂದ ಬೇಸಿಗೆ ಹತ್ತಿರವಾಗುವವರೆಗೆ ಆಲಿವ್ ರಿಡ್ಲಿ ಕಡಲಾಮೆಗಳು ಇಲ್ಲಿ ಮೊಟ್ಟೆ ಇಡಲು ಬರುತ್ತವೆ. ಅದೇ ತಿಂಗಳುಗಳಲ್ಲಿ ತೀರದಲ್ಲಿ ಟೆಂಟು ಹಾಕಿ, ಬೆಂಕಿ ಹೊತ್ತಿಸಿ, ಹಾಡು ಹಚ್ಚಿಕೊಂಡು ಕುಣಿಯುವ ಹವ್ಯಾಸವೂ ಬಂದಿದೆ.

ತಾಯಿ ಆಮೆ ಕತ್ತಲಲ್ಲಿ ಬರುತ್ತಾಳೆ. ಅಲೆ ಮುಟ್ಟದ ಎತ್ತರದವರೆಗೆ ಮೈಯನ್ನು ಎಳೆದುಕೊಂಡು ಬಂದು, ಹಿಂಗಾಲುಗಳಿಂದ ಒಂದಾದ ಮೇಲೊಂದರಂತೆ ಮರಳು ಮೊಗೆದು ಗಡಿಗೆಯಾಕಾರದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ, ಮೈಯಿಂದ ಬಡಿದು ನೆಲ ಸಮ ಮಾಡಿ ಕಡಲಿಗೆ ಹೋಗುತ್ತಾಳೆ. ದಡದಲ್ಲಿ ಬೆಳಕು, ಗಲಾಟೆ ಕಂಡರೆ ಮೊಟ್ಟೆ ಇಡದೆ ಹಿಂದಿರುಗುತ್ತಾಳೆ. 45ರಿಂದ 60 ದಿನಕ್ಕೆ ಮರಿಗಳು ಹೊರಬರುತ್ತವೆ. ಎಲ್ಲಿ ಹೆಚ್ಚು ಬೆಳಕಿದೆಯೋ ಅದೇ ಕಡಲು ಎಂದು ಅವು ತಿಳಿಯುತ್ತವೆ. ತೆರೆದ ಆಕಾಶದ ಕೆಳಗಿನ ಕಡಲು ಊರ ಕಡೆಗಿಂತ ಬೆಳ್ಳಗಿರುತ್ತಿದ್ದ ಕಾಲದಿಂದ ಬಂದ ನಡವಳಿಕೆ ಅದು. ಇವತ್ತು ಹಿಂದುಗಡೆ ರೆಸಾರ್ಟಿನ ದೀಪ ಉರಿಯುತ್ತಿದ್ದರೆ ಮರಿಗಳು ರಸ್ತೆಯ ಕಡೆ ತೆವಳುತ್ತವೆ. ಜೀಪು ಓಡಿಸಿದ ಚಕ್ರದ ಗುಂಡಿಯಲ್ಲಿ ಬಿದ್ದರೆ ಹೆಬ್ಬೆರಳುದ್ದದ ಮರಿಗೆ ಹತ್ತಿಬರಲು ಆಗದು. ನೀವು ಎಸೆದ ಕೋಳಿ ಎಲುಬಿಗೆಂದು ಬಂದ ನಾಯಿಗಳು ಮೂಸುತ್ತ ಹೋಗಿ ಮೊಟ್ಟೆಯ ಗುಂಡಿಯನ್ನೂ ಅಗೆಯುತ್ತವೆ. ಹೀಗೆ ಯಾರೂ ಬೇಕೆಂದು ಕೊಲ್ಲದೆಯೇ ಒಂದು ರಾತ್ರಿಯ ಮೋಜಿಗೆ ಒಂದು ಗೂಡು ಮುಗಿಯುತ್ತದೆ. ಬಲೆಗೆ ಬಿದ್ದ ಆಮೆಯನ್ನು ದೇವರೆಂದು ಕೈಮುಗಿದು ಬಿಡುವ ಮೀನುಗಾರರು ಇದೇ ದಡದಲ್ಲಿದ್ದಾರೆ. ಅವರಲ್ಲಿ ಕೆಲವರು ಅರಣ್ಯ ಇಲಾಖೆಯವರ ಜೊತೆ ಸೇರಿ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಟೆಂಟಿನ ಬದಲು ಒಂದು ರಾತ್ರಿ ಅವರ ಜೊತೆ ನಡೆಯಿರಿ. ಮರಿ ಬಿಡುವ ದಿನ ಕೇಳಿಕೊಂಡು ಹೋಗಿ, ಟಾರ್ಚು ಆರಿಸಿ, ಕೈಯಲ್ಲಿ ಎತ್ತದೆ ದೂರ ನಿಂತು ನೋಡಿ. ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ಶರಾವತಿಯ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಇಲಾಖೆ ಮರದ ಹಲಗೆಯ ದಾರಿ ಮಾಡಿದೆ. ಅದನ್ನು ಬಿಟ್ಟು ಕೆಳಗಿಳಿಯಬೇಡಿ. ಕೆಸರಿನಿಂದ ಮೇಲೆದ್ದ ಮೊಳೆಗಳಂಥವು ಕಾಂಡ್ಲಾದ ಉಸಿರಾಟದ ಬೇರು, ತುಳಿದರೆ ಗಿಡಕ್ಕೆ ಗಾಳಿ ಸಿಗದು. ದೋಣಿಯಲ್ಲಿ ಮೇಲಕ್ಕೆ ಹೋಗುವವರು ಇನ್ನೊಂದು ವಿಷಯ ನೆನಪಿಡಿ: ಶರಾವತಿ ಅಘನಾಶಿನಿಯ ಹಾಗಲ್ಲ, ಮೇಲೆ ಗೇರುಸೊಪ್ಪದಲ್ಲಿ ಅಣೆಕಟ್ಟಿದೆ. ಮಳೆ ಇಲ್ಲದ ದಿನವೂ ವಿದ್ಯುತ್ತಿಗೆಂದು ಬಿಟ್ಟ ನೀರು ಬಂದು ಹೊಳೆಯ ಮಟ್ಟ ಬದಲಾಗುತ್ತದೆ. ನಡುಗಡ್ಡೆಯ ಮೇಲೆ ಊಟಕ್ಕೆ ಕೂರುವ ಮೊದಲು ಆ ಊರಿನವರನ್ನು ಕೇಳಿ.

ಕಾಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರು, ಮೋಹಿನಿ ಶಿಖರ ಸುಮಾರು 90. ಆ ಕಪ್ಪು ಕಲ್ಲಿನ ಮೈತುಂಬ ಹೆಜ್ಜೇನು ಕಟ್ಟಿರುತ್ತದೆ. ಅತ್ತರು ಬಳಿದುಕೊಂಡು ಹೋಗುವುದು, ಬೀಡಿ ಸಿಗರೇಟು ಸೇದುವುದು, ಸೀಟಿ ಹೊಡೆಯುವುದು, ಡ್ರೋನ್ ಹಾರಿಸುವುದು ಎಲ್ಲವೂ ಅವಕ್ಕೆ ಆಗದು. ಎದ್ದು ಬಂದರೆ ನಿಮ್ಮನ್ನಷ್ಟೇ ಅಲ್ಲ, ದೇವರ ದರ್ಶನಕ್ಕೆ ಬಂದ ಮುದುಕಿಯನ್ನೂ ಕಚ್ಚುತ್ತವೆ. ಇನ್ನೊಂದು ಉಣುಗಿನ ವಿಷಯ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಹೊನ್ನಾವರ, ಸಿದ್ದಾಪುರದ ಕಡೆ ಬೇರೂರಿ ಎಷ್ಟೋ ವರ್ಷವಾಯಿತು. ಉಣುಗಿನ ಮರಿಗಳು ಹೆಚ್ಚುವುದು ಡಿಸೆಂಬರಿನಿಂದ ಮೇ ವರೆಗೆ, ನೀವು ಚಾರಣಕ್ಕೆ ಹೊರಡುವುದೂ ಅದೇ ತಿಂಗಳುಗಳಲ್ಲಿ. ಒಣಗಿದ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಉದ್ದ ಪ್ಯಾಂಟು ಹಾಕಿ ಅದರ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಡೀಪಾ ಎಣ್ಣೆ ಹಚ್ಚಿ. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ನೋಡಿಕೊಂಡು ಸ್ನಾನ ಮಾಡಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ, ಆ ದಿನದ ಚಾರಣ ಅಲ್ಲಿಗೇ ನಿಲ್ಲಿಸಿ. ಕಾಡಿನಿಂದ ಬಂದ ಮೇಲೆ ಎರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಹೇಳಿ. ಅದೊಂದು ಮಾತು ಹೇಳದೆ ಹೋದರೆ ಅವರಿಗೆ ಆ ಕಾಯಿಲೆಯ ಸಂಶಯ ಬಾರದೆಯೂ ಇರಬಹುದು.

ಮಳೆಗಾಲದಲ್ಲಿ ಏನು ಮಾಡಬೇಕು ಎಂದು ಕೇಳುತ್ತೀರಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ. ಹುಟ್ಟಿನಿಂದ ಕಡಲನ್ನೇ ನಂಬಿದ ಖಾರ್ವಿಗಳು, ಮೊಗೇರರು, ಹರಿಕಂತ್ರರು ದಡದಲ್ಲಿ ಕೂತು ಬಲೆ ಹೆಣೆಯುವಾಗ ನಿಮಗೆ ಕಡಲಿನಲ್ಲಿ ಏನು ಕೆಲಸ? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದನ್ನು ನೀವೇ ಕಂಡಿದ್ದೀರಿ. ಗುಡ್ಡ ಕಡಿದು ದಾರಿ ಮಾಡಿದ ಜಾಗದಲ್ಲಿ, ಜಲಪಾತದ ನೆತ್ತಿಯಲ್ಲಿ ಆಷಾಢದಲ್ಲಿ ನಿಲ್ಲಬೇಡಿ. ಊರ ಕೆರೆಯಲ್ಲಿ, ನಿಂತ ನೀರಿನಲ್ಲಿ, ಬಲ್ಲವರ ಕಣ್ಣೆದುರು ಈಜು ಕಲಿಯುವುದಕ್ಕೆ ಆ ತಿಂಗಳುಗಳನ್ನು ಇಟ್ಟುಕೊಳ್ಳಿ. ಗುಣವಂತೆ, ಇಡಗುಂಜಿ ಕಡೆಯವರು ಯಕ್ಷಗಾನದ ಹೆಜ್ಜೆ ಕಲಿಯಿರಿ. ಅದೂ ಮೈಗೆ ಸಾಹಸವೇ.

ಕೊನೆಗೆ, ಜನರನ್ನು ಕಡಲಿಗೆ, ಕಾಡಿಗೆ ಕರೆದೊಯ್ಯುವುದನ್ನೇ ಉದ್ಯೋಗ ಮಾಡಿಕೊಂಡವರಿಗೆ, ಮಾಡಿಕೊಳ್ಳಬೇಕೆಂದಿರುವವರಿಗೆ ಎರಡು ಮಾತು. ನಿಮ್ಮ ಅತಿಥಿಗಳಿಗೆ ಬರುವ ಮೊದಲೇ ಎಲ್ಲ ಹೇಳಿಬಿಡಿ: ಬೆಂಕಿ ಇಲ್ಲ, ಡಿಜೆ ಇಲ್ಲ, ಕುಡಿದವರಿಗೆ ದೋಣಿ ಇಲ್ಲ, ಲೈಫ್ ಜಾಕೆಟ್ ಹಾಕದವರಿಗೆ ಜಾಗ ಇಲ್ಲ. ಬೇರೆ ಕಡೆ ಹೋಗುತ್ತೇವೆ ಎಂದರೆ ಹೋಗಲಿ. ಒಂದು ದೋಣಿಗೆ ಎಷ್ಟು ಜನ ಎಂದು ನೀವೇ ನಿಗದಿ ಮಾಡಿ, ಹೆಚ್ಚು ದುಡ್ಡು ಕೊಡುತ್ತೇನೆಂದವನಿಗೂ ಅದೇ ಲೆಕ್ಕ ಹೇಳಿ. ಬಳಚು ಆರಿಸುವ ಅಕ್ಕನ ಹತ್ತಿರ ಅತಿಥಿಗಳನ್ನು ಕರೆದೊಯ್ಯುವುದಾದರೆ ಮೊದಲು ಅವಳ ಒಪ್ಪಿಗೆ ಕೇಳಿ, ಅವಳು ಮಾತಿಗೆ ನಿಂತ ಹೊತ್ತಿನ ಕೂಲಿಯನ್ನು ಅಂದೇ ಅವಳ ಕೈಗೆ ಕೊಡಿ, ಅವಳನ್ನು ಕೇಳದೆ ಫೋಟೋ ತೆಗೆಯಲು ಬಿಡಬೇಡಿ.

ಇನ್ನು ದೋಣಿಯವನ ಸಂಬಳ. ಗಾಳಿ ತಿರುಗಿದೆ, ಇವತ್ತು ಬೇಡ ಎಂದು ಅವನು ಬೆಳಿಗ್ಗೆ ಹೇಳಿದರೆ ಆ ದಿನ ನಿಮಗೂ ಗಳಿಕೆಯಿಲ್ಲ, ಅವನಿಗೂ ಇಲ್ಲ. ಬೆಂಗಳೂರಿನಿಂದ ಬಂದ ಹತ್ತು ಮಂದಿ ಅಂಗಳದಲ್ಲಿ ನಿಂತಿರುತ್ತಾರೆ, ಮನೆಯಲ್ಲಿ ಮಕ್ಕಳ ಫೀಸು ಕಟ್ಟುವುದಿರುತ್ತದೆ. ಅಂಥ ಬೆಳಿಗ್ಗೆ ಎಷ್ಟೋ ಅನುಭವಸ್ಥರೂ ಮನಸ್ಸು ಬದಲಿಸಿ ದೋಣಿ ಬಿಚ್ಚುತ್ತಾರೆ. ಆದ್ದರಿಂದ ಹಂಗಾಮು ಶುರುವಾಗುವ ಮೊದಲೇ ಅವನ ಜೊತೆ ಕರಾರು ಮಾಡಿಕೊಳ್ಳಿ: ಅವನು ಬೇಡವೆಂದ ದಿನಕ್ಕೂ ಅರ್ಧ ಕೂಲಿ ಅವನದು. ಆ ಹಣವನ್ನು ಅತಿಥಿಗಳ ದರದಲ್ಲೇ ಸೇರಿಸಿ, ಏಕೆ ಸೇರಿಸಿದ್ದೇವೆ ಎಂದು ಅವರಿಗೂ ತಿಳಿಸಿ. ಈ ಅಕ್ಟೋಬರಿಗೆ ದೋಣಿ ನೀರಿಗಿಳಿಸುವ ಮುನ್ನ ಈ ಮಾತು ಮುಗಿಸಿಕೊಳ್ಳಿ.